ಬಿಚ್ಚದೆ ಉಳಿದ ಹಳದಿ ಗಾಡಿ

"ಅಮ್ಮಾ, ಅಬು ವಜ್ದಿ ಅಜ್ಜ ಎಲ್ಲಾ ಗಾಡೀನೂ ಬಿಚ್ತಾರೆ. ಆ ಹಳದಿ ಗಾಡಿ ಒಂದನ್ನ ಮಾತ್ರ ಯಾಕೆ ಬಿಚ್ಚಲ್ಲ?"

ರೀಮ್ ಇದನ್ನು ಕೇಳಿದ್ದು ಮಂಗಳವಾರ ಮಧ್ಯಾಹ್ನ, ಗ್ಯಾರೇಜಿನ ಅಂಗಳದಲ್ಲಿ, ಅವರಿಗೇ ಕೇಳಿಸುವಷ್ಟು ಜೋರಾಗಿ. ಆರು ವರ್ಷ ತುಂಬಿದ್ದರೂ ದನಿ ತಗ್ಗಿಸುವುದು ಅವಳಿಗೆ ಇನ್ನೂ ಬಂದಿಲ್ಲ. ಅಬು ವಜ್ದಿ ನಮ್ಮ ಸುಬಾರು ಕಾರಿನ ಕೆಳಗೆ ಮಲಗಿದ್ದರು, ನಮಗೆ ಕಾಣುತ್ತಿದ್ದದ್ದು ಅವರ ಬೂಟುಗಳು ಮಾತ್ರ. ಆ ಬೂಟುಗಳು ಅಲುಗುವುದು ನಿಂತುಹೋಯಿತು. ನಾನು ಅವಳ ಕೈ ಎಳೆದು, "ಅದು ಅವರಿಗೆ ಇಷ್ಟದ ಗಾಡಿ ಕಣೇ. ನಿನಗೆ ನಿನ್ನ ಬಟ್ಟೆ ಮೊಲ ಇಲ್ವಾ, ಹಾಗೆ," ಅಂದೆ.

ನಾನು ನಂಬಿದ್ದೂ ಅದನ್ನೇ. ಎರಡು ವರ್ಷದ ಹಿಂದಿನ ನನ್ನ ಡೈರಿಯಲ್ಲಿ, ಒಂದು ಭಾನುವಾರದ ಪುಟದಲ್ಲಿ ಹೀಗಿದೆ: "ಅಬು ವಜ್ದಿ ಇವತ್ತೂ ಹಳದಿ ಗಾಡಿ ತೊಳೆಯುತ್ತಿದ್ದರು. ಅದು ಒಂದು ಕಾಲಕ್ಕೆ ವಿದಾದ್ ಟೀಚರ್ ಗಾಡಿಯಂತೆ. ವಯಸ್ಸಿನಲ್ಲಿ ಅವರ ಮೇಲೆ ಮನಸ್ಸಿತ್ತೋ ಏನೋ. ಎಷ್ಟು ಚೆಂದ." ಈಗ ಆ ಪುಟ ತೆರೆದರೆ ಮುಖ ಬಿಸಿಯಾಗುತ್ತದೆ. ಹರಿದು ಹಾಕೋಣ ಅನ್ನಿಸಿತ್ತು, ಹಾಕಲಿಲ್ಲ. ಬರೆದವಳು ನಾನೇ ತಾನೆ, ಇರಲಿ.

ನಮ್ಮೂರಿನಲ್ಲಿ ಹಳೆಯ ಸುಬಾರು ಇಲ್ಲದ ಮನೆಯನ್ನು ಹುಡುಕಬೇಕು. ಸೇಬಿನ ತೋಟಗಳ ಕಲ್ಲುಹಾದಿಗೂ ಚಳಿಗಾಲದ ಹಿಮಕ್ಕೂ ಬೇರೆ ಗಾಡಿ ಬಾಳುವುದಿಲ್ಲ ಅನ್ನುವುದು ನಮ್ಮ ಗಂಡಸರ ನಂಬಿಕೆ. ಆ ನಂಬಿಕೆಯನ್ನು ನಲವತ್ತು ವರ್ಷ ಸಾಕಿಕೊಂಡು ಬಂದವರು ಅಬು ವಜ್ದಿ. ಹೊಸ ಭಾಗಗಳು ಸಿಗುವುದು ನಿಂತು ಎಷ್ಟೋ ಕಾಲವಾಯಿತು. ಆದ್ದರಿಂದ ಒಂದರದು ಕಿತ್ತು ಇನ್ನೊಂದಕ್ಕೆ. ನಮ್ಮ ಗಾಡಿಯನ್ನೇ ನೋಡಿ: ಇಂಜಿನ್ ತೀರಿಹೋದ ಪೋಸ್ಟ್‌ಮ್ಯಾನ್ ಗಾಡಿಯದು, ಬಲಗಡೆ ಬಾಗಿಲು ಬೇಕರಿಯ ನವ್ವಾಫನ ಗಾಡಿಯದು, ಹಿಂದಿನ ಸೀಟು ಯಾರದೋ ಮದುವೆ ಮೆರವಣಿಗೆಯಲ್ಲಿ ಗುದ್ದಿಸಿಕೊಂಡ ಗಾಡಿಯದು. ನನ್ನ ಗಂಡ ನಿದಾಲ್ ಹೇಳುವ ಪ್ರಕಾರ ಅವನ ಅಪ್ಪ ಬಿಟ್ಟುಹೋದ ಗಾಡಿಯಲ್ಲಿ ಅಪ್ಪನದು ಅಂತ ಉಳಿದಿರುವುದು ಹಾರನ್ ಒಂದೇ.

ಅಂಗಳದಲ್ಲಿ ಸಾಲಾಗಿ ಇಪ್ಪತ್ತು ಇಪ್ಪತ್ತೆರಡು ಗಾಡಿಗಳು, ಒಂದಕ್ಕೆ ಕಣ್ಣಿಲ್ಲ, ಒಂದಕ್ಕೆ ಮೂಗಿಲ್ಲ. ಹಿಪ್ಪುನೇರಳೆ ಮರದ ಕೆಳಗೆ ಬೆಂಚು, ಬೆಂಚಿನ ಮೇಲೆ ಯಾವಾಗಲೂ ಮೂರೋ ನಾಲ್ಕೋ ಗಂಡಸರು. ಕೊಳವೆ ಹಾಕಿ ಹೀರುವ ಕಹಿ ಚಹಾದ ಸೋರೆಬುರುಡೆ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಮರದ ಆಚೆ, ಗೋಡೆಗೆ ಒತ್ತಿ ನಿಂತಿರುವುದು ಹಳದಿ ಗಾಡಿ. ಸಾಸಿವೆ ಅರೆದಂಥ ಬಣ್ಣ. ಗಾಜು, ದೀಪ, ಕನ್ನಡಿ, ಚಕ್ರ ಎಲ್ಲ ಇದ್ದಲ್ಲೇ ಇವೆ. ತಿಂಗಳಿಗೊಮ್ಮೆ ಅದನ್ನು ತೊಳೆಯುತ್ತಾರೆ, ಇಂಜಿನ್ ಹೊತ್ತಿಸಿ ಹತ್ತು ನಿಮಿಷ ಓಡಿಸಿ ಆರಿಸುತ್ತಾರೆ. ಒಮ್ಮೆ ನಮ್ಮ ಗಾಡಿಯ ಕಿಟಕಿ ಏರಿಸುವ ಹಿಡಿ ಮುರಿದಾಗ ನಾನು, "ಆ ಹಳದಿ ಗಾಡೀದು ಕೊಟ್ಬಿಡಿ, ಅದು ಸುಮ್ನೆ ನಿಂತಿದೆಯಲ್ಲ," ಅಂದಿದ್ದೆ. ಅವರು ಕೈ ಒರೆಸಿಕೊಂಡು, ಒಂದೂವರೆ ಗಂಟೆ ದಾರಿ ಕೆಳಗಿನ ಪೇಟೆಗೆ ಇಳಿದುಹೋಗಿ, ಬೇರೆಯವರ ಅಂಗಡಿಯಿಂದ ಒಂದು ಹಿಡಿ ತಂದು ಹಾಕಿದರು. ಯಾಕೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ, ಡೈರಿಯಲ್ಲಿ ಮಾತ್ರ ಇನ್ನೊಂದು ಸಾಲು ಸೇರಿಸಿದೆ.

ಅವರ ಇನ್ನೊಂದು ಗುಣವನ್ನೂ ನಾನು ತಪ್ಪಾಗಿಯೇ ಓದಿಕೊಂಡಿದ್ದೆ. ಗಾಡಿ ಓಡಿಸುವವರ ಬಗ್ಗೆ ಅವರು ಒಂದು ಮಾತೂ ಆಡುವುದಿಲ್ಲ. ನಾನು ಹೊಸದಾಗಿ ಕಲಿತಾಗ ಕ್ಲಚ್ ಸುಟ್ಟುಕೊಂಡು ಹೋದೆ, ಅಂಗಳವೆಲ್ಲ ಕಮಟು ವಾಸನೆ. ಬೆಂಚಿನ ಮೇಲಿದ್ದವರು ಮೂಗು ಮುಚ್ಚಿಕೊಂಡು ನಕ್ಕರು. ಅಬು ವಜ್ದಿ ಮಾತ್ರ, "ಕ್ಲಚ್ ಸವೆದಿತ್ತು ಮಗಳೇ," ಅಂದು ಕೆಲಸಕ್ಕೆ ಇಳಿದರು. ಎಂಥ ಮರ್ಯಾದಸ್ಥರು ಅಂದುಕೊಂಡೆ. ಅವರ ನಾಲಿಗೆ ಒಂದು ಕಾಲಕ್ಕೆ ಊರಿಗೇ ಹರಿತವಾಗಿತ್ತು, ಅದನ್ನು ಕೇಳುವುದಕ್ಕೇ ಜನ ಬಂದು ಕೂರುತ್ತಿದ್ದರು ಅಂತ ಅಮ್ಮ ಹೇಳಿದಾಗ ನಂಬಿರಲಿಲ್ಲ.

ಮಂಗಳವಾರದ ಕೆಲಸ ದೊಡ್ಡದಿತ್ತು. ನಮ್ಮ ಗಾಡಿ ಹಿಂದಿನಿಂದ ಮುಲುಗುವ ಸದ್ದು ಮಾಡುತ್ತಿತ್ತು. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿ ಗಾತ್ರದ ಒಂದು ಕಬ್ಬಿಣದ ಉಂಡೆ ಇರುತ್ತದೆ, ಅದರೊಳಗೆ ಹಲ್ಲುಚಕ್ರಗಳು. ಇಂಜಿನ್ ಕಡೆಯಿಂದ ಬರುವ ಉದ್ದನೆಯ ಶಾಫ್ಟಿನ ಸುತ್ತನ್ನು ಚಕ್ರಗಳಿಗೆ ಹಂಚುವುದು ಅದೇ. ನಮ್ಮದರ ಹಲ್ಲು ಹೋಗಿತ್ತು. ಅಬು ವಜ್ದಿ ಸಾಲಿನಲ್ಲಿದ್ದ ಒಂದು ಗಾಡಿಯ ಉಂಡೆ ಇಳಿಸಿ ನಮ್ಮದಕ್ಕೆ ಕೂರಿಸಿದರು. ಕೂರಿಸಿದ ಮೇಲೆ ಮುಗಿಯಿತು ಅಂದುಕೊಂಡೆ. ಅವರು ಗಾಡಿಯ ಹಿಂಭಾಗವನ್ನು ಜಾಕಿನ ಮೇಲೆ ಎತ್ತಿ, ಚಕ್ರದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು, ಶಾಫ್ಟಿನ ಮೇಲೆ ಇನ್ನೊಂದು ಗೀಟು ಎಳೆದರು.

"ಹಿಬಾ, ನೀನು ಆ ಚಕ್ರ ಹಿಡಿ. ನಾನು ಈ ಚಕ್ರ. ಇಬ್ರೂ ಒಟ್ಟಿಗೆ ತಿರುಗಿಸಬೇಕು, ಹತ್ತು ಸುತ್ತು. ರೀಮ್, ನೀನು ಬಗ್ಗಿ ನೋಡು. ಶಾಫ್ಟಿನ ಗೀಟು ಎಷ್ಟು ಸಲ ಮೇಲೆ ಬರುತ್ತೆ ಅಂತ ಎಣಿಸ್ಬೇಕು. ನೂರರ ತನಕ ಬರುತ್ತಾ ನಿಂಗೆ?"

"ಇನ್ನೂರರ ತನಕ ಬರುತ್ತೆ. ವಿದಾದ್ ಟೀಚರ್ ಹೇಳ್ಕೊಟ್ಟಿದಾರೆ."

ತಿರುಗಿಸಿದೆವು. ಮೂವತ್ತೊಂಬತ್ತು. ಇನ್ನೊಂದು ಸಲ ಅಂದರು. ಮತ್ತೆ ಮೂವತ್ತೊಂಬತ್ತು. ಆಮೇಲೆ ಮುಂದಿನ ಚಕ್ರಗಳನ್ನೂ ಎತ್ತಿ, ನಾಲ್ಕೂ ಚಕ್ರಗಳನ್ನು ಇಂಜಿನ್ನಿಗೆ ಜೋಡಿಸುವ ಫೋರ್‌ವೀಲ್ ಲಿವರ್ ಹಾಕಿ, ಆ ಕಡೆಯಿಂದಲೂ ಅದೇ ಲೆಕ್ಕ. ಅದೂ ಮೂವತ್ತೊಂಬತ್ತು, ಎರಡೂ ಒಂದೇ ಬರಬೇಕಂತೆ. ನನ್ನ ತೋಳು ಸೋತಿತ್ತು, ಮನೆಯಲ್ಲಿ ಒಲೆಯ ಮೇಲಿಡಬೇಕಾದ ಬೇಳೆ ನೆನೆಯುತ್ತಿತ್ತು. ಅವರು ಹಿಂದಿನದನ್ನು ಮೂರನೇ ಸಲ ಎಣಿಸಬೇಕು ಅಂದಾಗ ರೀಮ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಂದಳು:

"ಅಜ್ಜಾ, ನೀವು ವಿದಾದ್ ಗೇರಲ್ಲಿದೀರಾ?"

ಇದು ನಮ್ಮೂರ ಮಾತು. ಯಾರಾದರೂ ನಿಧಾನ ಮಾಡಿದರೆ, ಬಾಗಿಲಿನ ಚಿಲಕ ತೆಗೆಯಲಾರದೆ ಒದ್ದಾಡಿದರೆ, ಲೆಕ್ಕ ಬಿಡಿಸಲು ತಡವಾದರೆ, "ವಿದಾದ್ ಗೇರಲ್ಲಿದೀಯಾ?" ಅನ್ನುತ್ತೇವೆ. ನಾನು ಬೆಳೆದದ್ದೇ ಈ ಮಾತಿನ ನಡುವೆ. ದಿನಾ ಬೆಳಿಗ್ಗೆ ಬೂಟಿನ ದಾರದ ಜೊತೆ ಜಗಳವಾಡುವ ಮಗಳಿಗೆ ನಾನೇ ಹತ್ತು ಸಲ ಅನ್ನುತ್ತೇನೆ. ವಿದಾದ್ ಅಂದರೆ ನನಗೆ ಅಕ್ಷರ ಕಲಿಸಿದ, ಈಗ ನನ್ನ ಮಗಳಿಗೆ ಕಲಿಸುತ್ತಿರುವ ಟೀಚರ್ ಅನ್ನುವುದು ಗೊತ್ತಿತ್ತು. ಯಾವತ್ತೋ ಗಾಡಿ ಓಡಿಸಲು ಹೋಗಿ ಗೇರ್‌ಬಾಕ್ಸ್ ಮುರಿದರಂತೆ ಅನ್ನುವುದೂ ಗೊತ್ತಿತ್ತು. ಆದರೂ ಆ ಮಾತು ಬಾಯಿಗೆ ಬರುವಾಗ ಆ ಹೆಂಗಸು ಕಣ್ಣೆದುರು ಬರುತ್ತಿರಲಿಲ್ಲ. ಬರದೇ ಇದ್ದದ್ದು ಹೇಗೆ ಅಂತ ಈಗ ಯೋಚಿಸುತ್ತೇನೆ.

ಅಬು ವಜ್ದಿ ಸೀಮೆಸುಣ್ಣ ಕೆಳಗಿಟ್ಟರು.

"ಯಾರು ಹೇಳ್ಕೊಟ್ರು ಮಗೂ, ಈ ಮಾತು?"

"ಅಮ್ಮ ದಿನಾ ಹೇಳ್ತಾಳೆ. ನಾನು ಕ್ಲಾಸಲ್ಲೂ ಹೇಳ್ದೆ. ಹಾದಿ ಅಂತ ಒಬ್ಬ ಹುಡುಗ ಇದಾನೆ, ಪೆನ್ಸಿಲ್ ಡಬ್ಬಿ ತೆಗೀತಾನೇ ಇದ್ದ, ತೆಗೀತಾನೇ ಇದ್ದ, ಅವನಿಗೆ ಹೇಳ್ದೆ."

ನಾನು ಚಕ್ರ ಬಿಟ್ಟು ಅವಳ ಕಡೆ ತಿರುಗಿದೆ. "ಟೀಚರ್ ಇದ್ರಾ ಆಗ?"

"ಇದ್ರು."

"ಏನಂದ್ರೇ?"

"ನಕ್ರು. ಆಮೇಲೆ ಬೋರ್ಡ್ ಒರೆಸಿದ್ರು. ಲಿವರ್ ಬಿಡಲಿಲ್ಲ ಮಗೂ, ನಾನು ಎಳೆದೆ, ಎರಡು ಕೈಯಲ್ಲೂ ಎಳೆದೆ ಅಂದ್ರು."

ಅಬು ವಜ್ದಿ ನೆಲದ ಮೇಲೇ ಕೂತರು, ನಮ್ಮ ಗಾಡಿಯ ಚಕ್ರಕ್ಕೆ ಬೆನ್ನು ಕೊಟ್ಟು. ಮೊದಲು ನನಗೆ ಅವರ ಮಂಡಿಯದೇ ತೊಂದರೆ ಅನ್ನಿಸಿತು, ನೀರು ತರಲು ಎದ್ದೆ. ಅವರು ಕೈ ಅಡ್ಡ ಹಿಡಿದರು.

"ಇವತ್ತೂ ಅದೇ ಮಾತೇ ಹೇಳ್ತಾರಾ?" ಅಂದರು. "ಒಂದು ಅಕ್ಷರ ಆಚೀಚೆ ಇಲ್ಲ, ನೋಡು."

ರೀಮ್‌ಳನ್ನು ಹಿಪ್ಪುನೇರಳೆ ಆಯಲು ಕಳಿಸಿ, ಅವರು ಹೇಳಿದ್ದನ್ನು ಕೇಳಿದೆ. ಅವರು ಹೇಳಿದಷ್ಟನ್ನೇ ಬರೆಯುತ್ತೇನೆ.

ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು. ನಮ್ಮೂರಲ್ಲಿ ಆಗ ಹೆಂಗಸರು ಗಾಡಿ ಓಡಿಸುವುದು ಹಿರಿಯರಿಗೆ ಇಷ್ಟವಿರಲಿಲ್ಲ. ವಿದಾದ್ ಟೀಚರ್‌ಗೆ ಮೂವತ್ತನಾಲ್ಕು ವಯಸ್ಸು. ಧರ್ಮನಿಷ್ಠ ಹಿರಿಯರ ಬಿಳಿ ಪೇಟ ಸುತ್ತಿದ ಅಣ್ಣ ನಜೀಬನನ್ನು ಎರಡು ವರ್ಷ ಕಾಡಿ ಬೇಡಿ ಒಪ್ಪಿಸಿ, ಈ ಹಳದಿ ಗಾಡಿ ಕೊಂಡಿದ್ದರು. ವಾರಕ್ಕೆ ಮೂರು ದಿನ, ಶಾಲೆ ಬಿಟ್ಟ ಮೇಲೆ ಕೆಳಗಿನ ಪೇಟೆಯ ಕಾಲೇಜಿಗೆ ಹೋಗಿ ಬರುತ್ತಿದ್ದರು. ಪದವಿ ಮುಗಿದರೆ ದೊಡ್ಡ ತರಗತಿಗಳಿಗೆ ವಿಜ್ಞಾನ ಕಲಿಸಬಹುದಿತ್ತು. ಆ ವರ್ಷ ಸೇಬಿನ ಕೊಯ್ಲಿನ ಸಮಯದಲ್ಲಿ ಅವರ ಗಾಡಿಯೂ ಹಿಂದಿನಿಂದ ಮುಲುಗಲು ಶುರುಮಾಡಿತು. ತಂದು ಬಿಟ್ಟರು.

"ಅಂಗಳದಲ್ಲಿ ಸೇಬು ತುಂಬಿದ ಎರಡು ಪಿಕಪ್ ಕಾಯ್ತಾ ನಿಂತಿದ್ವು," ಅಂದರು ಅಬು ವಜ್ದಿ. "ಒಂದು ಆಟೊಮ್ಯಾಟಿಕ್ ಗಾಡಿ ಉಂಡೆ ಬಿದ್ದಿತ್ತು. ಅದೇ ಪೆಟ್ಟಿಗೆ, ಅದೇ ಬೋಲ್ಟು, ಕಣ್ಣಿಗೆ ಏನೂ ವ್ಯತ್ಯಾಸ ಇಲ್ಲ, ಒಳಗಿನ ಹಲ್ಲಿನ ಲೆಕ್ಕ ಮಾತ್ರ ಬೇರೆ ಇರುತ್ತೆ. ಎತ್ತಿ ಕೂರಿಸ್ದೆ. ಎಣಿಸಲಿಲ್ಲ."

ಶರತ್ಕಾಲವೆಲ್ಲ ಏನೂ ಆಗಲಿಲ್ಲ. ಮುಂದಿನ ಚಕ್ರಗಳಷ್ಟೇ ಎಳೆಯುವಾಗ ಹಿಂದಿನವು ಸುಮ್ಮನೆ ಉರುಳಿಕೊಂಡು ಬರುತ್ತವೆ. ಮೊದಲ ಹಿಮ ಬಿದ್ದ ದಿನ ವಿದಾದ್ ಟೀಚರ್ ಫೋರ್‌ವೀಲ್ ಲಿವರ್ ಹಾಕಿದರು. ಹಿಮದ ಮೇಲೆ ಚಕ್ರ ಜಾರುತ್ತದೆ, ಆದ್ದರಿಂದ ಅಲ್ಲೂ ಗೊತ್ತಾಗಲಿಲ್ಲ. ಊರ ಚೌಕದ ಹತ್ತಿರ ಟಾರು ರಸ್ತೆಯ ಹಿಮ ಗುಡಿಸಿದ್ದರು, ಬಿಸಿಲಿಗೆ ಒಣಗಿತ್ತು. ಅಲ್ಲಿಗೆ ಬಂದಾಗ ಅವರು ಸರಿಯಾಗಿಯೇ ಲಿವರ್ ಬಿಡಿಸಲು ನೋಡಿದರು. ಬಿಡಲಿಲ್ಲ. ಮುಂದಿನ ಅರ್ಧ ಗಾಡಿ ಒಂದು ಲೆಕ್ಕದಲ್ಲಿ, ಹಿಂದಿನ ಅರ್ಧ ಇನ್ನೊಂದು ಲೆಕ್ಕದಲ್ಲಿ ತಿರುಗುತ್ತಾ ಒಂದನ್ನೊಂದು ತಿರುಚಿ ಕಚ್ಚಿಕೊಂಡಿದ್ದವು. ಚೌಕದ ತಿರುವಿನಲ್ಲಿ, ಗಂಡಸರೆಲ್ಲ ಬಿಸಿಲು ಕಾಯಿಸುತ್ತ ನಿಂತಿದ್ದ ಕಡೆಯೇ, ಗೇರ್‌ಬಾಕ್ಸ್ ಸದ್ದು ಮಾಡಿ ಮುರಿಯಿತು.

ತಳ್ಳಿಕೊಂಡು ಈ ಅಂಗಳಕ್ಕೇ ತಂದರು. ಅವತ್ತು ಬೆಂಚಿನ ಮೇಲೆ ಹನ್ನೊಂದು ಜನ. ಅವರಲ್ಲಿ ನಜೀಬನೂ ಇದ್ದ.

"ಅವರು ಹೇಳಿದ್ರು. ಲಿವರ್ ಬಿಡಲಿಲ್ಲ ಅಬು ವಜ್ದಿ, ನಾನು ಎಳೆದೆ, ಎರಡು ಕೈಯಲ್ಲೂ ಎಳೆದೆ ಅಂತ. ನಾನೇನಂದೆ ಗೊತ್ತಾ? ಕೈ ತೊಳೀತಾ ಅಂದೆ. ಎಲ್ರಿಗೂ ಕೇಳ್ಲಿ ಅಂತಾನೇ ಜೋರಾಗಿ. 'ಟೀಚರ್, ನಮ್ಮ ಕತ್ತೆ ಲಿವರ್ ಎಳೆದಿದ್ರೂ ಬರ್ತಿತ್ತು. ಗಾಡೀಲಿ ಐದು ಗೇರಿದೆ, ನೀವು ಆರನೇದು ಕಂಡುಹಿಡಿದ್ರಿ. ವಿದಾದ್ ಗೇರು ಅಂತ ಹೆಸರಿಡೋಣ.'"

ಹನ್ನೊಂದು ಜನ ನಕ್ಕರು. ನಜೀಬನೂ ನಕ್ಕ, ನಕ್ಕು ತಂಗಿಯ ಕೈಯಿಂದ ಕೀಲಿ ತೆಗೆದುಕೊಂಡ. ಟೀಚರ್ ತಾವೇ ಕೊಟ್ಟರು, ಅವನು ಕಿತ್ತುಕೊಳ್ಳಲಿಲ್ಲ, ಅಂದರು ಅಬು ವಜ್ದಿ. ಅದನ್ನು ಎರಡು ಸಲ ಹೇಳಿದರು.

"ನಿಮಗೆ ಯಾವಾಗ ಗೊತ್ತಾಯ್ತು?" ಅಂದೆ. ತಡವಾಗಿ, ಎಷ್ಟೋ ವರ್ಷದ ಮೇಲೆ ಗೊತ್ತಾಯಿತು ಅನ್ನಲಿ ಅಂತ ಒಳಗೇ ಬೇಡಿಕೊಳ್ಳುತ್ತಿದ್ದೆ.

"ಮಾರನೇ ದಿನ ಬೆಳಿಗ್ಗೆ. ಬಿಚ್ಚಿದೆ. ಹಲ್ಲು ಮುರಿದ ರೀತಿ ನೋಡಿ ಅನುಮಾನ ಬಂತು. ಎಣಿಸ್ದೆ. ಗೇರ್‌ಬಾಕ್ಸ್ ಕಡೆ ಮೂವತ್ತೊಂಬತ್ತು, ಹಿಂದೆ ಮೂವತ್ತೇಳು."

"ಮತ್ತೆ?"

"ಮತ್ತೆ ಏನು. ಅವತ್ತು ಸಂಜೆ ಹೇಳ್ತೀನಿ ಅಂದ್ಕೊಂಡೆ. ನವ್ವಾಫ್ ಬಂದ, ಬರ್ತಾನೇ 'ಬೇಕರಿ ಒಲೆ ವಿದಾದ್ ಗೇರಿಗೆ ಬಿದ್ದಿದೆ ಮಾರಾಯ' ಅಂದ. ಎಲ್ರೂ ನಕ್ರು. ನಾನೂ ನಕ್ಕೆ. ಒಂದು ವಾರದಲ್ಲಿ ಮಕ್ಕಳ ಬಾಯಿಗೂ ಬಂತು. ನಾನು ಹೇಳಿದ ಮಾತು, ಊರಲ್ಲಿ ಎಲ್ಲೇ ಹೋಗ್ಲಿ ನನ್ನ ಎದುರಿಗೇ ಬಂದು ನಿಲ್ತಿತ್ತು."

ಬೇರೆ ಗೇರ್‌ಬಾಕ್ಸ್, ಸರಿಯಾದ ಉಂಡೆ ಹಾಕಿ ಗಾಡಿಯನ್ನು ಸಿದ್ಧ ಮಾಡಿದರಂತೆ. ಯಾರೂ ಒಯ್ಯಲು ಬರಲಿಲ್ಲ. "ಬಿಚ್ಚಿ ಮಾರ್ಕೋ," ಅಂದ ನಜೀಬ್. ಮೊದಲನೇ ಬೋಲ್ಟಿಗೆ ಸ್ಪ್ಯಾನರ್ ಹಾಕಿದವರು ತೆಗೆದುಬಿಟ್ಟರು. ಅವತ್ತಿನಿಂದ ಅದು ಅಲ್ಲೇ ನಿಂತಿದೆ.

ವಿದಾದ್ ಟೀಚರ್‌ಗೆ ಕಾಲೇಜಿನಲ್ಲಿ ಎರಡು ವಿಷಯ ಬಾಕಿ ಇತ್ತು. ಬಸ್ಸಿನಲ್ಲಿ ಹೋದರೆ ರಾತ್ರಿ ಮನೆ ಸೇರಲಾಗುತ್ತಿರಲಿಲ್ಲ. ಅಲ್ಲಿಗೇ ನಿಂತಿತು. ಒಂದನೇ ತರಗತಿಯಲ್ಲೇ ಉಳಿದರು.

ಇಷ್ಟು ಕೇಳಿದ ಮೇಲೆ ನನಗೆ ಒಂದೊಂದಾಗಿ ಹೊಳೆಯತೊಡಗಿತು. ಶಾಲೆಗೆ ಹತ್ತಿರದ ದಾರಿ ಗ್ಯಾರೇಜಿನ ಪಕ್ಕದ್ದು. ವಿದಾದ್ ಟೀಚರ್ ಯಾವತ್ತೂ ಮೇಲಿನ ಉದ್ದದ ದಾರಿಯಲ್ಲೇ, ಮಂಡಿಗೆ ಪಟ್ಟಿ ಕಟ್ಟಿಕೊಂಡು ನಡೆದುಹೋಗುತ್ತಾರೆ. ಆರೋಗ್ಯಕ್ಕೆ ನಡೆಯುತ್ತಾರೆ ಅಂದುಕೊಂಡಿದ್ದೆ. ಒಂದೆರಡು ಸಲ ಗಾಡಿ ನಿಲ್ಲಿಸಿ, "ಬನ್ನಿ ಟೀಚರ್, ಬಿಡ್ತೀನಿ," ಅಂದಿದ್ದೆ. "ನಡೀತೀನಮ್ಮಾ," ಅಂದಿದ್ದರು. ಹಿಂದಿನ ಸೀಟಿನಲ್ಲಿ ಕೂತ ಮಗಳಿಗೆ ನಾನು ಆ ಮಾತನ್ನು ಅನ್ನುತ್ತಲೇ ಬಂದಿರುತ್ತಿದ್ದೆ, ಕಿಟಕಿ ತೆರೆದಿರುತ್ತಿತ್ತು. ಅವರಿಗೆ ಎಷ್ಟು ಸಲ ಕೇಳಿಸಿತ್ತೋ.

ನನ್ನ ಅಮ್ಮನ ಕಥೆಯೂ ಹಾಗೇ. ಮನೆಗೆ ಹೋದವಳೇ ಅಮ್ಮನಿಗೆ ಫೋನ್ ಮಾಡಿದೆ. "ಆ ಹಳದಿ ಗಾಡೀಲಿ ನಾನು ಎರಡು ದಿನ ಕಲಿತಿದ್ದೆ ಕಣೇ," ಅಂದಳು ಅಮ್ಮ. "ವಿದಾದ್ ಪಕ್ಕದಲ್ಲಿ ಕೂತು ಹೇಳ್ಕೊಡ್ತಿದ್ಲು. ಗೇರ್‌ಬಾಕ್ಸ್ ಮುರೀತಲ್ಲ, ನಿಮ್ಮಪ್ಪ, ಇನ್ನು ಸಾಕು ಅಂದ್ರು. ಸಾಕು ಅಂದ್ಕೊಂಡೆ." ನನಗೆ ಲೈಸೆನ್ಸ್ ಬಂದ ದಿನ ಅಮ್ಮ ಬಾಗಿಲಲ್ಲಿ ನಿಂತು ಅತ್ತಿದ್ದಳು. ಹೆದರಿಕೆಗೆ ಅಳುತ್ತಾಳೆ ಅಂತ ನಾನು ಬೈದಿದ್ದೆ.

ಬುಧವಾರ ಬೆಳಿಗ್ಗೆ ರೀಮ್ ಬೂಟಿನ ದಾರಕ್ಕೆ ಎಂದಿನಷ್ಟೇ ಹೊತ್ತು ತೆಗೆದುಕೊಂಡಳು. ನನ್ನ ಬಾಯಿಗೆ ಆ ಮಾತು ಬಂದೇ ಬಂತು. ನುಂಗಿಕೊಂಡೆ. ಕೂತು ದಾರ ಕಟ್ಟಿಕೊಟ್ಟೆ.

ಶುಕ್ರವಾರ, ಗ್ಯಾರೇಜಿನಲ್ಲೇ ಬಿಟ್ಟುಬಂದಿದ್ದ ಗಾಡಿ ತರಲು ಹೋದಾಗ ಅಂಗಳ ಅರ್ಧ ಖಾಲಿಯಾಗಿತ್ತು. ಅಬು ವಜ್ದಿಯ ಮಗ ವಜ್ದಿ ಅಲ್ಲಿ ಪ್ರವಾಸಿಗರಿಗೆ ಬಾಡಿಗೆ ಕೋಣೆ ಕಟ್ಟಿಸಬೇಕು ಅಂತ ವರ್ಷದಿಂದ ಹೇಳುತ್ತಿದ್ದ. ಉಳಿದ ಗಾಡಿಗಳನ್ನೆಲ್ಲ ಸೋಮವಾರ ಗುಜರಿ ಲಾರಿ ಒಯ್ಯುತ್ತದೆ. ಹಳದಿ ಗಾಡಿಯೂ ಆ ಪಟ್ಟಿಯಲ್ಲಿದೆ. ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಅವತ್ತಿನ ಹನ್ನೊಂದರಲ್ಲಿ ಈಗ ಬದುಕಿರುವುದು ಇಷ್ಟೇ ಅಂತ ನನಗೆ ಆಮೇಲೆ ಗೊತ್ತಾಯಿತು. ಅಬು ವಜ್ದಿಯೇ ಕರೆಸಿದ್ದರು. ನಾಲ್ವರಲ್ಲಿ ಸ್ವತಃ ನಜೀಬನೂ ಇದ್ದ, ಕೋಲು ಊರಿಕೊಂಡು.

"ಒಂದು ಮಾತಿದೆ," ಅಂದರು ಅಬು ವಜ್ದಿ, ನಿಂತುಕೊಂಡೇ.

"ಕೂತು ಹೇಳಯ್ಯಾ," ಅಂದ ಬೇಕರಿಯ ನವ್ವಾಫ್. "ನಿಂತ್ಕೊಂಡು ಹೇಳೋದಿದ್ರೆ ಯಾರೋ ಸತ್ತಿರ್ಬೇಕು."

"ವಿದಾದ್ ಗಾಡಿ ಮುರಿದದ್ದು ನನ್ನಿಂದ."

"ಯಾವ ವಿದಾದ್?"

"ದಿನಾ ಬಾಯಲ್ಲಿಟ್ಕೊಂಡು ತಿರುಗ್ತೀಯಲ್ಲ, ಆ ವಿದಾದ್."

ಎಲ್ಲ ಹೇಳಿದರು. ಉಂಡೆ, ಮೂವತ್ತೊಂಬತ್ತು, ಮೂವತ್ತೇಳು, ಮಾರನೇ ದಿನ ಬೆಳಿಗ್ಗೆಯೇ ಗೊತ್ತಾದದ್ದು. ನಾನು ಗಾಡಿಯ ಪಕ್ಕ ಕೀಲಿ ಹಿಡಿದು ನಿಂತಿದ್ದೆ, ಹೋಗಲೂ ಆಗದೆ, ಇರಲೂ ಆಗದೆ. ನಜೀಬ್ ಕೋಲಿನ ತುದಿ ನೋಡುತ್ತಾ ಕೂತಿದ್ದ. ನವ್ವಾಫನೇ ಮೊದಲು ಬಾಯಿ ಬಿಟ್ಟ.

"ಇಪ್ಪತ್ನಾಲ್ಕು ವರ್ಷ ಆಯ್ತಲ್ಲೋ! ಈಗ ಯಾಕೆ ಕೆದಕ್ತೀಯಾ?"

"ತಮಾಷೆ ತಾನೇ," ಅಂದ ಇನ್ನೊಬ್ಬ. "ಅವಳೇ ಮರೆತಿರ್ತಾಳೆ."

"ಮರೆತಿಲ್ಲ," ಅಂದೆ ನಾನು. ಗಂಡಸರ ಮಾತಿನ ನಡುವೆ ಅದು ನನ್ನ ಬಾಯಿಂದ ಹೇಗೆ ಬಂತೋ. ನಾಲ್ವರೂ ತಿರುಗಿ ನೋಡಿದರು. ಹಾದಿಯ ಪೆನ್ಸಿಲ್ ಡಬ್ಬಿಯ ಕಥೆ ಹೇಳಿದೆ, ಮಗಳಿಗೆ ಕಲಿಸಿದವಳು ನಾನೇ ಅನ್ನುವುದನ್ನೂ ಸೇರಿಸಿ.

ಆಗ ನಜೀಬ್ ತಲೆಯೆತ್ತಿದ. "ಸರಿ. ಜಾಹಾ ಹೋಗೋಣ. ಹಿರಿಯರನ್ನ ನಾನೇ ಸೇರಿಸ್ತೀನಿ, ಹದಿನೈದು ಜನ. ನಾಳೆ ಸಂಜೆ ಹೊತ್ತಿಗೆ ಮುಗಿದುಹೋಗುತ್ತೆ."

ನಮ್ಮಲ್ಲಿ ಎಲ್ಲಾ ದೊಡ್ಡ ತಪ್ಪುಗಳೂ ಮುಗಿಯುವುದು ಹಾಗೆಯೇ. ತಪ್ಪು ಮಾಡಿದವನ ಪರವಾಗಿ ಹಿರಿಯರು ನೊಂದವರ ಮನೆಗೆ ಹೋಗಿ ಕೂರುತ್ತಾರೆ. ಮನೆಯವರು ಕಾಫಿ ತಂದಿಡುತ್ತಾರೆ. "ಒಪ್ಪಿದೆವು" ಅನ್ನುವ ತನಕ ಬಂದವರು ಬಟ್ಟಲು ಮುಟ್ಟುವುದಿಲ್ಲ. ಒಪ್ಪದೆ ಕಾಫಿ ಆರಲು ಬಿಟ್ಟ ಮನೆಯನ್ನು ನಾನಂತೂ ಕಂಡಿಲ್ಲ.

"ಬೇಡ," ಅಂದರು ಅಬು ವಜ್ದಿ.

"ಬೇಡ ಅಂದ್ರೆ?"

"ಹದಿನೈದು ಬಿಳಿ ಪೇಟ ಅವರ ಹಜಾರದಲ್ಲಿ ಕೂತ್ರೆ ಅವರು ಇಲ್ಲ ಅನ್ನೋಕಾಗುತ್ತಾ? ಅವತ್ತೂ ಹಾಗೇ ತಾನೇ ಆಗಿದ್ದು. ಹನ್ನೊಂದು ಜನ ನಾವು, ಒಬ್ರು ಅವರು. ಮತ್ತೆ ಅದೇ ಮಾಡ್ಲಾ?"

ನವ್ವಾಫ್ ಎಂದಿನಂತೆ ಬುರುಡೆಗೆ ಬಿಸಿನೀರು ಹೊಯ್ದು ಅವರತ್ತ ಚಾಚಿದ. ಅಬು ವಜ್ದಿ ಎದೆಯ ಮೇಲೆ ಕೈಯಿಟ್ಟು, "ಶುಕ್ರನ್," ಅಂದರು. ಬುರುಡೆ ಚಾಚಿದವನಿಗೆ ಶುಕ್ರನ್, ಧನ್ಯವಾದ, ಅಂದರೆ ನನಗೆ ಇನ್ನು ಸಾಕು ಅಂತ. ಆ ಬೆಂಚಿನ ಮೇಲೆ ಅವರ ಬಾಯಿಂದ ಆ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲವಂತೆ. ಗಂಡಸರು ಒಬ್ಬೊಬ್ಬರಾಗಿ ಎದ್ದು ಹೋದರು. ನಜೀಬ್ ಗೇಟಿನ ತನಕ ಹೋಗಿ, ತಿರುಗಿ ಒಂದು ಸಲ ಹಳದಿ ಗಾಡಿ ನೋಡಿ ಹೋದ.

ನಾನು ಗಾಡಿ ಹತ್ತುವಾಗ ಅವರು ಕಿಟಕಿಯ ಹತ್ತಿರ ಬಂದರು. ತಲೆ ಬಗ್ಗಿಸಿ, ಅಂದು ಪೇಟೆಯಿಂದ ತಂದು ಹಾಕಿದ ಆ ಹಿಡಿಯನ್ನೇ ನೋಡುತ್ತಿದ್ದರು.

"ಎರಡು ಸಲ ಅವರ ಗೇಟಿನ ತನಕ ಹೋದೆ ಹಿಬಾ, ಈ ವಾರ. ಒಂದು ಸಲ ಚೆರ್ರಿ ಬುಟ್ಟಿ ಹಿಡ್ಕೊಂಡು. ವಾಪಸ್ ಬಂದೆ. ಅರವತ್ತೈದು ವರ್ಷದವನು, ಚೆರ್ರಿ ಬುಟ್ಟಿ ಬೆನ್ನ ಹಿಂದೆ ಮುಚ್ಚಿಟ್ಕೊಂಡು ಓಡಿಬಂದೆ."

ನನಗೆ ನಗು ಬಂತು, ಅಳುವೂ ಬಂತು. "ನಾನು ಜೊತೆಗೆ ಬರ್ಲಾ?" ಅಂದೆ.

"ಜೊತೆಗಲ್ಲ. ಕೇಳು, ಆ ಮೂವತ್ತೇಳರ ಉಂಡೆ ನಾನು ಎಸೆದಿಲ್ಲ. ಅದೇ ಗಾಡಿ ಡಿಕ್ಕೀಲಿ ಗೋಣಿ ಸುತ್ತಿ ಇಟ್ಟಿದ್ದೆ. ನಿನ್ನೆ ಅದನ್ನ ಮತ್ತೆ ಕೂರಿಸಿದೀನಿ. ಗಾಡಿ ಈಗ ನಾನು ಅವರಿಗೆ ಕೊಟ್ಟಾಗ ಹೇಗಿತ್ತೋ ಹಾಗೇ ಇದೆ. ನಾಳೆ ಬೆಳಿಗ್ಗೆ ಶಾಲೆ ಇಲ್ಲ. ನೀನು ಅವರ ಮನೆಗೆ ಹೋಗು. ನಡೆದದ್ದೆಲ್ಲ ಹೇಳು, ನಾನು ಇವತ್ತು ಈ ನಾಲ್ಕು ಜನಕ್ಕೆ ಹೇಳಿದ್ದನ್ನೂ ಹೇಳು. ಸೋಮವಾರ ಲಾರಿ ಬರುತ್ತೆ ಅಂತಾನೂ. ಬರ್ತಾರಾ ಅಂತ ಕೇಳು. ಬರಲ್ಲ ಅಂದ್ರೆ ಒಂದು ಮಾತೂ ಒತ್ತಾಯ ಮಾಡ್ಬೇಡ, ಅವರ ಕಾಫಿ ಕುಡಿದು ಬಾ. ಒಪ್ಪೋ ತನಕ ಮುಟ್ಟದೆ ಕೂರೋ ಜಾಹಾ ಕಾಫಿ ಅಲ್ಲ ಅದು ಅಂತ ಅವರಿಗೆ ಗೊತ್ತಾಗ್ಲಿ."

"ಬಂದ್ರೆ?"

"ಬಂದ್ರೆ ಎಣಿಸಲಿ. ನನ್ನ ಬಾಯಿಮಾತು ಅವರು ಯಾಕೆ ನಂಬ್ಬೇಕು? ಈ ನಾಲ್ಕು ಜನಾನೂ ಕರೆಸ್ತೀನಿ, ಇಲ್ಲೇ ನಿಂತಿರ್ತಾರೆ, ಕೂರೋಕೆ ಬೆಂಚು ಕೊಡಲ್ಲ. ಮುಂದೆ ಮೂವತ್ತೊಂಬತ್ತು, ಹಿಂದೆ ಮೂವತ್ತೇಳು, ಅವರೇ ಬಗ್ಗಿ ನೋಡಿ, ಅವರ ಬಾಯಿಂದಲೇ ಎಣಿಸಲಿ. ಆಮೇಲೆ ಅವರು ಏನಂದ್ರೂ ಅನ್ನಲಿ, ಏನೂ ಅನ್ನದೆ ಹೋದ್ರೂ ಹೋಗಲಿ." ಅವರು ಅಂಗೈ ಉಜ್ಜಿಕೊಂಡರು, ಬೆರಳುಗಳಲ್ಲಿ ಇನ್ನೂ ಸೀಮೆಸುಣ್ಣ ಇತ್ತು. "ಆದ್ರೆ ಎರಡು ಚಕ್ರಾನೂ ಒಟ್ಟಿಗೆ ತಿರುಗಿಸೋಕೆ ಇಬ್ರು ಬೇಕು. ಅವತ್ತು ನಕ್ಕವರ ಕೈ ಅದಕ್ಕೆ ಬೇಡ. ಒಂದು ಕಡೆ ನಾನಿರ್ತೀನಿ. ಇನ್ನೊಂದು ಕಡೆ ನೀನು ಹಿಡೀತೀಯಾ, ಮಗಳೇ?"